ಕೈ ಇಳಿಬಿಟ್ಟು ತೆಗೆದ ಅಳತೆ

ಅವಳ ಸುದ್ದಿ ಟೈಲರಮ್ಮನ ಕಿವಿಗೆ ಮೊದಲು ಬಿದ್ದದ್ದು ಗುಂಡಿಯಣ್ಣನ ಬಾಯಿಂದ. ದೊಡ್ಡ ಬಟ್ಟೆ ಅಂಗಡಿಯ ಹಿಂಬದಿಯಲ್ಲಿ, ಮೆಟ್ಟಿಲ ಕೆಳಗೆ, ಒಂದು ಕೋಣೆಯಿತ್ತು. ಮೇಲೆ ಮಾರಿದ ಉಡುಪನ್ನು ಗಿರಾಕಿಯ ಮೈಗೆ ತಕ್ಕಂತೆ ಬಿಗಿ ಮಾಡುವುದು, ಸಡಿಲ ಮಾಡುವುದು, ಅಂಚು ಮಡಿಸುವುದು ಎಲ್ಲ ಅಲ್ಲೇ. ಎರಡು ಹೊಲಿಗೆ ಯಂತ್ರ, ಒಂದು ಇಸ್ತ್ರಿ ಮೇಜು, ಒಂದೇ ಕಿಟಕಿ. ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ, ಗೋಡೆಯ ಮೇಲೆ ಇಳಿದು ಬಂದ ನೀರಿನ ಕೊಳವೆ. ಗಂಡ ತೀರಿಕೊಂಡ ಮೇಲೆ ಟೈಲರಮ್ಮ ಎರಡು ಮಕ್ಕಳನ್ನು ಕಟ್ಟಿಕೊಂಡು, ಆ ಕೊಳವೆಯನ್ನೇ ನೋಡುತ್ತ ನಾಲ್ಕು ವರ್ಷ ತಳ್ಳಿದ್ದಳು. ಎದುರಿನ ಯಂತ್ರದಲ್ಲಿ ಕಾಜಾ ಕೊರೆದು ಗುಂಡಿ ಹಾಕುವವನೇ ಗುಂಡಿಯಣ್ಣ. ಬಾಯಲ್ಲಿ ಎರಡು ಗುಂಡಿ ಕಚ್ಚಿಕೊಂಡೇ ಮೂರು ಮಹಡಿಯ ಸುದ್ದಿಯನ್ನೂ ಹೇಳಬಲ್ಲ ಮನುಷ್ಯ.

"ಪರದೆ ಬಟ್ಟೆ ಕೌಂಟರಿಗೆ ಹೊಸಬಳು ಬಂದಿದಾಳೆ, ನೋಡಿದ್ರಾ?" ಎಂದ.

"ನಾನೆಲ್ಲಿ ನೋಡ್ಲಿ. ಈ ಕೊಳವೆ ಬಿಟ್ರೆ ನನ್ನ ಮುಂದೆ ಬರೋರು ಯಾರು?"

"ಮೊನ್ನೆ ಚಳಿ ಇತ್ತಲ್ಲ, ಕೆಲಸ ಕೇಳೋಕೆ ಸ್ವೆಟರ್ ಹಾಕ್ಕೊಂಡು ಬಂದಿದ್ಲಂತೆ. ಅವಳ ಮಾತು ಕೇಳಿ ಮ್ಯಾನೇಜರು ಕರಗಿ ನೀರಾಗಿ, ನಾಳೆಯಿಂದಲೇ ಬಾ ಅಂದ್ರಂತೆ. ಇವತ್ತು ಬಿಸಿಲು ಏರ್ತು. ಸ್ವೆಟರ್ ಬಿಚ್ಚಿದ್ಲು." ಗುಂಡಿಯಣ್ಣ ಬಾಯಿಂದ ಗುಂಡಿ ತೆಗೆದು ಅಂಗೈಯಲ್ಲಿಟ್ಟುಕೊಂಡ. ಅಷ್ಟು ಮರ್ಯಾದೆ ಅವನು ಎಲ್ಲ ಸುದ್ದಿಗೂ ಕೊಡುವವನಲ್ಲ. "ಎಡಗೈ ಪೂರ್ತಿ ಹಚ್ಚೆ ಟೈಲರಮ್ಮ. ಮಣಿಕಟ್ಟಿಂದ ಭುಜದ ತನಕ ಒಂದು ಕಾಳು ಇಡೋಕೂ ಜಾಗ ಇಲ್ಲ. ಮ್ಯಾನೇಜರ ಮುಖ ನೋಡ್ಬೇಕಿತ್ತು, ಸುಣ್ಣ ಹೊಡೆದ ಗೋಡೆ."

ಆಗಿನ ಕಾಲ ಹಾಗಿತ್ತು. ಹೆಂಗಸಿನ ತೋಳಿನಲ್ಲಿ ಅಷ್ಟು ಹಚ್ಚೆ ಕಂಡರೆ ಜನ ಮುಖ ನೋಡುತ್ತಿರಲಿಲ್ಲ, ತೋಳು ನೋಡಿಯೇ ಅವಳ ಜಾತಕ ಬರೆದುಬಿಡುತ್ತಿದ್ದರು. ಜೈಲಿಗೆ ಹೋಗಿ ಬಂದವಳಿರಬೇಕು, ಮನೆ ಬಿಟ್ಟು ಓಡಿದವಳಿರಬೇಕು, ಎಂಥ ಸಹವಾಸವೋ ಏನೋ. ಟೈಲರಮ್ಮನೂ ಅದನ್ನೇ ಯೋಚಿಸಿದಳು. ಸುಳ್ಳು ಯಾಕೆ ಹೇಳಬೇಕು.

ಅಷ್ಟರಲ್ಲಿ ಮ್ಯಾನೇಜರೇ ಬಾಗಿಲಿಗೆ ಬಂದರು, ಕೈಯಲ್ಲಿ ಬೂದು ಬಣ್ಣದ ಬಟ್ಟೆ.

"ಟೈಲರಮ್ಮ, ನಾಲ್ಕು ಅಂಗಿ. ಕೌಂಟರಿನವರ ಅಂಗಿ ಥರಾನೇ, ಆದ್ರೆ ಪೂರ್ತಿ ತೋಳು. ತುದಿಗೆ ಪಟ್ಟಿ, ಎರಡು ಗುಂಡಿ. ಆ ಕೈಯ ಒಂದು ಗೆರೆಯೂ ಗಿರಾಕಿ ಕಣ್ಣಿಗೆ ಬೀಳಬಾರದು. ಬಿತ್ತೋ, ಅವಳು ಕೌಂಟರಿನಲ್ಲಿ ಇರಲ್ಲ. ಅವಳಿಗೂ ಹೇಳಿದ್ದೀನಿ."

ಅಳತೆ ಕೊಡಲು ಬಂದವಳು ತೆಳ್ಳಗೆ, ಎತ್ತರಕ್ಕೆ, ಇಪ್ಪತ್ತೆಂಟರ ಸುಮಾರಿನವಳು. ಬಾಗಿಲಲ್ಲಿ ಬಗ್ಗಿ ಒಳಗೆ ಬಂದು, ಕೇಳುವ ಮೊದಲೇ ಎಡಗೈ ಚಾಚಿ ನಿಂತಳು, ತಪಾಸಣೆಗೆ ಚೀಲ ತೆರೆದು ತೋರಿಸುವವರ ಹಾಗೆ.

"ನೋಡಿಬಿಡಿ ಅಕ್ಕ. ಕದ್ದು ಕದ್ದು ನೋಡೋದಕ್ಕಿಂತ ಒಂದೇ ಸಲ ನೋಡಿದ್ರೆ ನಿಮಗೂ ಸುಲಭ, ನನಗೂ ಸುಲಭ."

ಟೈಲರಮ್ಮ ನೋಡಿದಳು. ಒಂದು ಮೀನು, ಒಂದು ಚೇಳು, ಒಂದು ಬಾಚಣಿಗೆ, ಏಳು ಚುಕ್ಕಿ, ದೋಣಿ, ಕಣ್ಣು, ಮೂರು ಬಗೆಯ ಹೂವು, ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕಾರು ಅಕ್ಷರ. ಒಂದೊಂದೂ ಒಂದೊಂದು ಗಾತ್ರ. ಮೊಣಕೈ ಒಳಮಗ್ಗುಲಲ್ಲಿ ಒಂದು ಹಕ್ಕಿ, ಅದಕ್ಕೆ ಒಂದೇ ರೆಕ್ಕೆ.

"ಇದಕ್ಕೆಲ್ಲ ಏನರ್ಥ?"

"ಅರ್ಥ ಏನೂ ಇಲ್ಲ. ನಮ್ಮಮ್ಮ ಬಸ್ ನಿಲ್ದಾಣದ ಹತ್ತಿರ ಹಚ್ಚೆ ಹಾಕ್ತಿದ್ಲು. ಕಾಗದದ ಮೇಲೆ ಬರೆದು ತೋರಿಸಿದ್ರೆ ಜನಕ್ಕೆ ನಂಬಿಕೆ ಬರಲ್ಲ, ಮೈ ಮೇಲೆ ಹೇಗೆ ಕಾಣುತ್ತೆ ತೋರ್ಸು ಅಂತಾರೆ. ಅದಕ್ಕೆ ನಾನು. ನಮ್ಮ ಅಂಗಡಿಯ ಬೋರ್ಡು ನಾನೇ. ಪಕ್ಕದಲ್ಲಿ ಸ್ಟೂಲು ಹಾಕಿ ಕೂರಿಸ್ತಿದ್ಲು, ಕೈ ಚಾಚು ಅಂತಿದ್ಲು. ಬಂದವರು ಬೆರಳಿಟ್ಟು ಆರಿಸ್ತಿದ್ರು. ಇದು ಬೇಡ, ಅದು ಕೊಡು, ಚೇಳು ಸ್ವಲ್ಪ ಸಣ್ಣದಾಗಿ ಮಾಡಿಕೊಡು."

"ಅಯ್ಯೋ ಪಾಪ. ಮಗು ಕೈ ಅಲ್ವಾ, ನೋವಾಗ್ತಿರಲಿಲ್ವಾ?"

"ಸೂಜಿ ನೋವು ಎರಡು ದಿನ. ಆ ಬೆರಳುಗಳು ದಿನಾ."

"ಈ ಹಕ್ಕಿಗೆ ಇನ್ನೊಂದು ರೆಕ್ಕೆ ಎಲ್ಲಿ?"

"ಅದಾ. ಅವತ್ತು ತಡೀಲಾರದೆ ಕೈ ಕಿತ್ಕೊಂಡು ಓಡಿಹೋದೆ. ಅಮ್ಮ ಮತ್ತೆ ಕರೀಲಿಲ್ಲ. ಅದಾದ ಮೇಲೆ ಹೊಸದು ಒಂದೂ ಹಾಕಲಿಲ್ಲ. ಇದ್ದದ್ದನ್ನೇ ತೋರಿಸ್ಕೊಂಡು ವ್ಯಾಪಾರ ಮಾಡಿದ್ಲು." ಅವಳು ನಕ್ಕಳು. "ಅದೊಂದನ್ನ ಮಾತ್ರ ಯಾರೂ ಕೇಳಲಿಲ್ಲ. ಅರ್ಧ ಹಕ್ಕಿ ಯಾರಿಗೆ ಬೇಕು?"

ಟೈಲರಮ್ಮನಿಗೆ ಮನಸ್ಸಿನಲ್ಲೇ ನಾಚಿಕೆಯಾಯಿತು. ಜೈಲೂ ಇಲ್ಲ, ಓಡಿಹೋಗಿದ್ದೂ ಇಲ್ಲ, ಓಡಿಹೋಗಿದ್ದರೂ ತಾಯಿಯ ಸ್ಟೂಲಿನಿಂದ ಬೀದಿಯ ತುದಿಯವರೆಗೆ. ಟೇಪು ತೆಗೆದು ಕೊರಳಿಗೆ ಹಾಕಿಕೊಂಡು, ಹತ್ತು ಸಾವಿರ ಜನಕ್ಕೆ ಹೇಳಿದ ಮಾತನ್ನೇ ಹೇಳಿದಳು.

"ನೇರ ನಿಂತ್ಕೋ. ಕೈ ಇಳಿಬಿಡು."

ಅವಳು ಕೈ ಇಳಿಬಿಟ್ಟಳು. ಭುಜದ ಮೂಳೆಯಿಂದ ಮಣಿಕಟ್ಟಿನವರೆಗೆ ಟೇಪು ಇಳಿಯಿತು. ಇಪ್ಪತ್ತಮೂರೂವರೆ ಇಂಚು. ಟೈಲರಮ್ಮ ಸೀಮೆಸುಣ್ಣದಿಂದ ಮೇಜಿನ ಅಂಚಿನಲ್ಲಿ ಬರೆದುಕೊಂಡಳು. ಅದೇ ಅಳತೆಗೆ ನಾಲ್ಕೂ ಅಂಗಿ ಒಟ್ಟಿಗೆ ಕತ್ತರಿಸಿದಳು, ಎರಡು ದಿನದಲ್ಲಿ ಹೊಲಿದು ಮುಗಿಸಿದಳು. ಗುಂಡಿಯಣ್ಣ ಪಟ್ಟಿಗೆ ಎರಡೆರಡು ಗುಂಡಿ ಹಾಕಿದ. ಹಾಕಿಕೊಂಡು ತೋರಿಸಿದಾಗ ಪಟ್ಟಿ ಮಣಿಕಟ್ಟಿನ ಮೇಲೆ ಬಳೆಯ ಹಾಗೆ ಕೂತಿತ್ತು. ಚೇಳಿನ ಬಾಲ ಕೂಡ ಕಾಣಲಿಲ್ಲ. ಚೇಳು ಇದ್ದದ್ದು ಮಣಿಕಟ್ಟಿನಿಂದ ಒಂದು ಬೆರಳಷ್ಟು ಮೇಲೆ.

ಆವತ್ತಿನಿಂದ ಅಂಗಡಿಯಲ್ಲಿ ಅವಳ ಹೆಸರು ಉದ್ದತೋಳು ಎಂದೇ ಆಯಿತು. ಗುಂಡಿಯಣ್ಣನೇ ಇಟ್ಟದ್ದು. ಅವಳೂ ಬೇಡ ಎನ್ನಲಿಲ್ಲ.

ಉದ್ದತೋಳು ಬಟ್ಟೆ ಮಾರುವುದನ್ನು ನೋಡಲೆಂದೇ ಟೈಲರಮ್ಮ ಕೆಲವು ಸಲ ನೆಪ ಮಾಡಿಕೊಂಡು ಮೇಲೆ ಹೋಗುತ್ತಿದ್ದಳು. ಬಟ್ಟೆಯ ಸುತ್ತು ಮೇಜಿನ ಮೇಲೆ ಹಾಕಿ ಅವಳು ಒಂದು ತಳ್ಳು ತಳ್ಳಿದರೆ ಅದು ಉರುಳಿಕೊಂಡು ಗಿರಾಕಿಯ ಹೊಟ್ಟೆಯ ಮುಂದೆ ಬಂದು ನಿಲ್ಲುತ್ತಿತ್ತು, ಒಂದು ಗೇಣು ಆಚೆಯಿಲ್ಲ, ಈಚೆಯಿಲ್ಲ. ಬೆರಳಲ್ಲಿ ಎಳೆ ತಿಕ್ಕಿ ನೋಡಿ ಇದು ನೀರಿಗೆ ಕುಗ್ಗುತ್ತೆ, ಇದು ಬಿಸಿಲಿಗೆ ಬಣ್ಣ ಬಿಡುತ್ತೆ, ಇದು ನಿಮ್ಮ ಮೊಮ್ಮಕ್ಕಳ ಕಾಲದವರೆಗೂ ಬರುತ್ತೆ ಎಂದು ಹೇಳುವಳು. ಹೇಳಿದ್ದು ಒಂದೂ ತಪ್ಪುತ್ತಿರಲಿಲ್ಲ. ಒಮ್ಮೆ ಒಬ್ಬಾತ ಪರದೆಗೆಂದು ಬಂದು, ಹೆಂಡತಿ ಬಣ್ಣ ಒಪ್ಪದಿದ್ದರೆ ಎಂದು ತಲೆ ಕೆರೆದುಕೊಂಡ.

"ಒಪ್ಪಲ್ಲ," ಎಂದಳು ಉದ್ದತೋಳು. "ಯಾವ ಬಣ್ಣ ಒಯ್ದರೂ ಒಪ್ಪಲ್ಲ. ಅದಕ್ಕೆ ಇವತ್ತು ಅಂಗೈ ಅಗಲದ ತುಂಡು ಮಾತ್ರ ಕೊಡ್ತೀನಿ. ನಾಳೆ ಅವರನ್ನೇ ಕರ್ಕೊಂಡು ಬನ್ನಿ, ಜಗಳ ಇಲ್ಲೇ ಆಡಿ, ಗಾಳಿ ಚೆನ್ನಾಗಿದೆ."

ಮಾರನೆಯ ದಿನ ಗಂಡ ಹೆಂಡತಿ ಇಬ್ಬರೂ ಬಂದು ಇಡೀ ಮನೆಗೆ ಒಯ್ದರು. ಏಳು ತಿಂಗಳಲ್ಲಿ ಗಿರಾಕಿಗಳು ಬಾಗಿಲಿಂದಲೇ "ಆ ಎತ್ತರದವಳು ಇದಾಳಾ" ಎಂದು ಕೇಳಿಕೊಂಡು ಬರುವ ಹಾಗಾಗಿತ್ತು. ಮ್ಯಾನೇಜರು ಅವಳನ್ನು ಪರದೆಯಿಂದ ತೆಗೆದು ದೊಡ್ಡ ಕೌಂಟರಿಗೆ ಹಾಕಿದರು, ಶಾಲೆ ಆಸ್ಪತ್ರೆಗಳ ಸಮವಸ್ತ್ರದ ಬಟ್ಟೆ ಮಾರುವ ಕಡೆಗೆ. ಅಲ್ಲಿ ನಿಂತವರು ಮುಂದೆ ಮಹಡಿಗೇ ಹಿರಿಯರಾಗುವುದು ಆ ಅಂಗಡಿಯ ವಾಡಿಕೆ. ಉದ್ದತೋಳು ಆ ದಿನ ಹೊಲಿಗೆ ಕೋಣೆಗೆ ಬಂದು ಇಸ್ತ್ರಿ ಮೇಜಿನ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಳು.

"ಅಕ್ಕ, ನನ್ನನ್ನ ಜನ ಮೊದಲ ಸಲ ಕಿವಿಯಿಂದ ಕೇಳ್ತಿದಾರೆ. ಇಷ್ಟು ದಿನ ಬರೀ ಕಣ್ಣಿಂದ ಕೇಳ್ತಿದ್ರು," ಎಂದಳು.

ದೊಡ್ಡ ಕೌಂಟರಿನ ಹಿಂದೆ ಕಪಾಟು ಸೂರಿನವರೆಗೆ ಇತ್ತು. ಪರದೆ ಬಟ್ಟೆ ಸೊಂಟದ ಎತ್ತರದಲ್ಲೇ ಸಿಗುತ್ತಿತ್ತು, ಸಮವಸ್ತ್ರದ ಬಟ್ಟೆ ಹಾಗಲ್ಲ. ಒಳ್ಳೆಯದೆಲ್ಲ ತಲೆಯ ಮೇಲೆ. ಟೈಲರಮ್ಮನಿಗೆ ಅದು ಗೊತ್ತಿರಲಿಲ್ಲವೇ? ಗೊತ್ತಿತ್ತು. ನೂರು ಸಲ ನೋಡಿದ್ದಳು. ಆದರೆ ನೋಡಿದ ಕಣ್ಣು ಬೇರೆ, ಅಳತೆ ತೆಗೆದ ಕೈ ಬೇರೆ. ಅವೆರಡೂ ಒಂದರ ಹತ್ತಿರ ಒಂದು ಮಾತಾಡಿಕೊಂಡಿರಲಿಲ್ಲ.

ಒಂದು ಶಾಲೆಯ ಮುಖ್ಯೋಪಾಧ್ಯಾಯಿನಿ ಬಂದಿದ್ದರು. ಎಂಟುನೂರು ಮಕ್ಕಳ ಬಟ್ಟೆ. ಮ್ಯಾನೇಜರು ತಾವೇ ಕುರ್ಚಿ ತಂದು ಹಾಕಿ, ಪಕ್ಕದಲ್ಲಿ ಕೈ ಕಟ್ಟಿ ನಿಂತಿದ್ದರು. ನಾಲ್ಕು ಬಗೆ ನೋಡಿ, ಐದನೆಯದು ಮೇಲಿನದು ಬೇಕು ಎಂದರು ಆಕೆ. ಉದ್ದತೋಳು ಹಿಮ್ಮಡಿ ಎತ್ತಿ, ಎರಡೂ ಕೈ ಮೇಲೆ ಚಾಚಿ, ಕಪಾಟಿನಿಂದ ಆ ಸುತ್ತನ್ನು ಎಳೆದಳು. ಎಳೆದಾಗ ತೋಳು ಇಳಿಯಿತು. ಪಟ್ಟಿ ಮಣಿಕಟ್ಟಿನಿಂದ ಜಾರಿ ಮೂರು ಇಂಚು ಕೆಳಗೆ ಬಂತು. ಚೇಳು ಹೊರಗೆ ಬಂತು, ಅದರ ಹಿಂದೆ ಮೀನು. ಭಾರದ ಸುತ್ತು, ಎರಡೂ ಕೈ ಅದರ ಕೆಳಗೆ. ಮುಚ್ಚಿಕೊಳ್ಳಲು ಮೂರನೆಯ ಕೈ ಇರಲಿಲ್ಲ. ಆ ಸುತ್ತನ್ನು ಮೇಜಿಗೆ ಇಳಿಸುವವರೆಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತೂ ಅದು ಎಲ್ಲರ ಕಣ್ಣ ಮುಂದೆ ಇತ್ತು.

ಮುಖ್ಯೋಪಾಧ್ಯಾಯಿನಿ ಬಟ್ಟೆ ಮುಟ್ಟಲಿಲ್ಲ. "ಮಕ್ಕಳ ಬಟ್ಟೆ ಮುಟ್ಟೋಕೆ ಇಂಥವರನ್ನೂ ಇಟ್ಕೊಂಡಿದ್ದೀರಾ?" ಎಂದು ಮ್ಯಾನೇಜರನ್ನು ಕೇಳಿದರು, ತುಂಬ ಮೆಲ್ಲಗೆ, ಹವಾ ಹೇಗಿದೆ ಎಂದು ಕೇಳುವ ಹಾಗೆ.

ಅಷ್ಟೇ. ಮಧ್ಯಾಹ್ನದ ಊಟದ ಹೊತ್ತಿಗೆ ಉದ್ದತೋಳು ಹೊಲಿಗೆ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಎಡ ಮಣಿಕಟ್ಟನ್ನು ಬಲಗೈಯಿಂದ ಹಿಡಿದುಕೊಂಡಿದ್ದಳು, ಅದು ಎಲ್ಲಿ ಓಡಿಹೋಗುತ್ತದೋ ಎನ್ನುವಂತೆ.

"ಅಕ್ಕ, ತೋಳು ಯಾಕೆ ಗಿಡ್ಡ ಆಯ್ತು?"

ಟೈಲರಮ್ಮನಿಗೆ ಗೊತ್ತಾಗಿಬಿಟ್ಟಿತ್ತು. ಬಾಗಿಲಲ್ಲಿ ನಿಂತವಳನ್ನು ಕಂಡ ಕ್ಷಣದಲ್ಲೇ ಆ ಇಪ್ಪತ್ತಮೂರೂವರೆ ಇಂಚು ಕಣ್ಣ ಮುಂದೆ ಬಂದಿತ್ತು. ಕೈ ಎತ್ತಿಸಿ ಅಳೆಯಬೇಕಿತ್ತು. ಇಂದಲ್ಲ ನಾಳೆ ಕಪಾಟಿನಿಂದ ಬಟ್ಟೆ ಇಳಿಸಬೇಕಾದವಳ ತೋಳನ್ನು ಬೀದಿಯಲ್ಲಿ ಸುಮ್ಮನೆ ನಡೆಯುವವಳ ತೋಳಿನಂತೆ ಅಳೆದಿದ್ದಳು. ಕಂಕುಳಿಗೆ ಒಂದು ತುಂಡು, ಉದ್ದಕ್ಕೆ ಮೂರು ಇಂಚು, ಅಷ್ಟು ಸಾಕಾಗಿತ್ತು. ಹೊಸದಾಗಿ ಕತ್ತರಿ ಹಿಡಿದವರೂ ಮಾಡದ ತಪ್ಪು ಅದು. ಅಲ್ಲ, ಹಳಬರು ಮಾತ್ರ ಮಾಡುವ ತಪ್ಪು. ಹೊಸಬರಾದರೆ ಕೇಳುತ್ತಿದ್ದರು, ನಿನ್ನ ಕೆಲಸ ಏನು ಎಂದು.

ಹೇಳಿಬಿಡಬೇಕಿತ್ತು. ಆದರೆ ಮ್ಯಾನೇಜರು ಮೆಟ್ಟಿಲಿಳಿದು ಬರುವ ಸದ್ದು ಕೇಳಿಸುತ್ತಿತ್ತು, ಮನೆಯಲ್ಲಿ ಎರಡು ಮಕ್ಕಳು, ಎದುರಿಗೆ ಆ ಯಂತ್ರ, ಆ ಯಂತ್ರ ಅವಳದ್ದಲ್ಲ. ಬಾಯಿ ತಾನಾಗಿ ಆಡಿತು.

"ಬಟ್ಟೆ ಕುಗ್ಗಿದೆ ಕಣೇ. ನೀರಿಗೆ ಹಾಕಿದ್ಯಲ್ಲ, ಎಳೆ ಕುಗ್ಗಿದೆ."

ಉದ್ದತೋಳು ಪಟ್ಟಿಯ ಅಂಚನ್ನು ಬೆರಳುಗಳ ನಡುವೆ ತಿಕ್ಕಿದಳು, ಎಳೆ ನೋಡಿದಳು. ಒಂದು ಸಲ ಟೈಲರಮ್ಮನ ಮುಖ ನೋಡಿದಳು.

"ಹೌದು," ಎಂದಳು. "ಕುಗ್ಗಿರಬೇಕು."

ಮ್ಯಾನೇಜರು ಒಳಗೆ ಬಂದು "ಇದನ್ನ ಹೊಲಿದದ್ದು ಯಾರು, ಅಳತೆ ತಗೊಂಡಿದ್ದು ಯಾರು" ಎಂದು ಗುಡುಗಿದಾಗ, ಅವಳೇ ಮುಂದೆ ಬಂದು ಹೇಳಿದಳು. "ಅಳತೆ ಸರಿ ಇತ್ತು ಸಾರ್. ಬಟ್ಟೆ ಕುಗ್ಗಿತು."

ಅಲ್ಲಿಗೆ ಮುಗಿಯಿತು. ಟೈಲರಮ್ಮ ತನ್ನ ಯಂತ್ರದ ಮುಂದೆ ಉಳಿದಳು. ಉದ್ದತೋಳನ್ನು ನೆಲಮಾಳಿಗೆಗೆ ಕಳಿಸಿದರು.

ಆ ನೆಲಮಾಳಿಗೆಯಲ್ಲಿ ಅವಳಿಗೆ ಕೊಟ್ಟ ಕೆಲಸ ಮಾದರಿ ತುಂಡುಗಳದ್ದು. ಬಂದ ಪ್ರತಿ ಬಟ್ಟೆಯಿಂದ ಅಂಗೈ ಅಗಲ ಕತ್ತರಿಸಿ, ಅಂಚಿಗೆ ಹಲ್ಲು ಹಲ್ಲು ಕೊರೆದು, ರಟ್ಟಿಗೆ ಅಂಟಿಸಿ, ಮೇಲಿನ ಕೌಂಟರುಗಳಿಗೆ ಕಳಿಸಬೇಕು. ಅಲ್ಲಿ ಗಿರಾಕಿಗಳು ಬೆರಳಿಟ್ಟು ಆರಿಸುತ್ತಾರೆ, ಇದು ಬೇಡ, ಅದು ಕೊಡು. ಕೆಳಗೆ ಎರಡು ಕೊಳವೆ ದೀಪ, ಅದರಲ್ಲಿ ಒಂದು ಸದಾ ಕಣ್ಣು ಹೊಡೆಯುತ್ತಿತ್ತು. ಇಪ್ಪತ್ತೇಳು ವರ್ಷ ಅವಳು ಅಲ್ಲಿ ಕತ್ತರಿಸಿದಳು, ಅಂಟಿಸಿದಳು.

ಟೈಲರಮ್ಮ ಆ ವಾರವೇ ನಾಲ್ಕೂ ಅಂಗಿ ಇಸಿದುಕೊಂಡು, ಹಳೆಯ ಪಟ್ಟಿ ಬಿಚ್ಚಿ, ತೋಳಿಗೆ ನಾಲ್ಕು ಇಂಚು ಹೊಸ ಬಟ್ಟೆ ಜೋಡಿಸಿ ಕೊಟ್ಟಳು. ಈಗ ತೋಳು ಬೆರಳ ಗೆಣ್ಣಿನವರೆಗೆ ಬರುತ್ತಿತ್ತು. ಯಾರೂ ನೋಡದ ಕಡೆ. ಆಮೇಲೆ ಪ್ರತಿ ವರ್ಷ ಹೊಸ ಅಂಗಿ ಹೊಲಿದು ಕೊಟ್ಟಳು, ಕೇಳದಿದ್ದರೂ ಕೊಟ್ಟಳು. ಅಂಟು ಹತ್ತಬಾರದೆಂದು ಉದ್ದತೋಳು ಬಲಗೈ ತೋಳನ್ನು ಮಾತ್ರ ಮೊಣಕೈವರೆಗೆ ಮಡಿಸಿಕೊಂಡು ಕೆಲಸ ಮಾಡುವಳು. ಎಡದ್ದು ಯಾವಾಗಲೂ ಇಳಿಬಿಟ್ಟೇ ಇರುತ್ತಿತ್ತು, ಸೆಕೆಯಲ್ಲೂ.

ಮಧ್ಯಾಹ್ನದ ಡಬ್ಬಿ ಇಬ್ಬರೂ ನೆಲಮಾಳಿಗೆಯಲ್ಲೇ ಬಿಚ್ಚುತ್ತಿದ್ದರು. ಆ ಅರ್ಧ ಗಂಟೆಯಲ್ಲಿ ಟೈಲರಮ್ಮ ಎಷ್ಟೋ ಸಲ ಬಾಯಿ ತೆರೆದಳು. ಇವತ್ತು ಹೇಳಿಬಿಡುತ್ತೇನೆ ಎಂದು ಮೆಟ್ಟಿಲಿಳಿಯುವಳು, ಇಳಿದ ಮೇಲೆ ಮಗನ ಪರೀಕ್ಷೆಯ ಮಾತಾಡಿ ಮೇಲೆ ಬರುವಳು. ಒಂದು ವರ್ಷ ಹೋದರೆ ಮಾತು ಇನ್ನೂ ಭಾರವಾಗುತ್ತಿತ್ತು. ಹತ್ತು ವರ್ಷ ಹೋದ ಮೇಲೆ ಅದನ್ನು ಎತ್ತುವ ಶಕ್ತಿಯೇ ಉಳಿಯಲಿಲ್ಲ.

ಉದ್ದತೋಳು ಮದುವೆಯಾಗಲಿಲ್ಲ. ತಮ್ಮನ ಮನೆಯ ಮುಂಭಾಗದ ಸಣ್ಣ ಕೋಣೆಯಲ್ಲಿದ್ದಳು. ಆ ಮನೆಯ ಗೋಡೆಯ ಮೇಲೆ ಎಲ್ಲರೂ ನಿಂತ ಒಂದು ಫೋಟೋ ಇತ್ತು. ಬಲತುದಿಯಲ್ಲಿ ಇವಳು, ಚೌಕಟ್ಟಿನ ಮರ ಸರಿಯಾಗಿ ಅವಳ ಎಡತೋಳಿನ ಮೇಲೆ ಬಂದಿತ್ತು. "ಚೌಕಟ್ಟಿನವನು ಜಾಣ," ಎಂದಳು ಒಮ್ಮೆ, ಟೈಲರಮ್ಮ ಅದನ್ನೇ ನೋಡುತ್ತ ನಿಂತಾಗ. ತಮ್ಮ ತಲೆ ತಗ್ಗಿಸಿ ಪತ್ರಿಕೆ ಓದುತ್ತಿದ್ದ. ಅವನು ಕೆಟ್ಟವನಲ್ಲ. ಮಗಳನ್ನು ಒಳ್ಳೆಯ ಶಾಲೆಗೆ ಸೇರಿಸುವ ದಿನ ಮಾತ್ರ, "ಅಕ್ಕ, ನೀನು ಬರ್ಬೇಡ, ಬಿಸಿಲು ಜಾಸ್ತಿ ಇದೆ," ಎಂದಿದ್ದ.

ಹೀಗೆ ಇರುವಾಗ ಕಾಲ ಮಗ್ಗುಲು ಬದಲಾಯಿಸಿತು. ಯಾವಾಗ, ಹೇಗೆ ಎಂದರೆ ಟೈಲರಮ್ಮನಿಗೆ ಹೇಳಲು ಬರುವುದಿಲ್ಲ. ಮೊದಲು ಬಸ್ಸಿನಲ್ಲಿ ಒಬ್ಬ ಹುಡುಗಿಯ ಕಾಲಗಂಟಿನಲ್ಲಿ ಒಂದು ಎಲೆ ಕಂಡಿತು. ಮುಂದಿನ ವರ್ಷ ಬ್ಯಾಂಕಿನ ಕಿಟಕಿಯ ಹಿಂದೆ ಕೂತವನ ಕುತ್ತಿಗೆಯಲ್ಲಿ ಏನೋ ಬರಹ. ಕೊನೆಗೆ ಟೈಲರಮ್ಮನ ಸ್ವಂತ ಸೊಸೆ ಮಧ್ಯಾಹ್ನದ ಬಿಡುವಿನಲ್ಲಿ ಹೋಗಿ ಬೆನ್ನಿನ ಮೇಲೆ ಚಂದ್ರನನ್ನು ಹಾಕಿಸಿಕೊಂಡು ಬಂದಳು. ಮಗ ಅದನ್ನು ನೋಡಿ, "ಅಮ್ಮ, ಚೆನ್ನಾಗಿದೆ ಅಲ್ವಾ?" ಎಂದ. ಏನು ಹೇಳಬೇಕು? ಚೆನ್ನಾಗಿಯೇ ಇತ್ತು. ಟೈಲರಮ್ಮ ಅನ್ನದ ಪಾತ್ರೆಯ ಮುಂದೆ ಕೂತು ಅತ್ತಳು. ಸೊಸೆ ತನ್ನ ಬೆನ್ನಿಗಾಗಿ ಅತ್ತೆ ಅಳುತ್ತಿದ್ದಾಳೆ ಎಂದುಕೊಂಡು ಮೂರು ದಿನ ಮಾತು ಬಿಟ್ಟಳು.

ಅಂಗಡಿ ಮಾಲೀಕರ ಮೊಮ್ಮಗಳ ಕೈಗೆ ಬಂತು. ಗಾಜಿನ ಬಾಗಿಲು ಬಂತು, ಹಳೆಯ ಕಪಾಟು ಹೋಯಿತು. ಹೊಸ ಹುಡುಗ ಹುಡುಗಿಯರು ಅರ್ಧ ತೋಳಿನ ಅಂಗಿ ಹಾಕಿ, ಭುಜದವರೆಗೆ ಬಣ್ಣ ಬಣ್ಣದ ಹಚ್ಚೆ ತೋರಿಸಿಕೊಂಡು ದೊಡ್ಡ ಕೌಂಟರಿನಲ್ಲಿ ನಿಂತರು. ಮೊಮ್ಮಗಳ ಕುತ್ತಿಗೆಯಲ್ಲೇ ಒಂದು ಬಳ್ಳಿಯಿತ್ತು. ಟೈಲರಮ್ಮನಿಗೆ ಆಗ ಅರವತ್ತು ದಾಟಿತ್ತು, ಅರ್ಧ ದಿನ ಮಾತ್ರ ಬರುತ್ತಿದ್ದಳು. ಆ ಕೌಂಟರಿನ ಮುಂದೆ ನಿಂತಾಗ ಅವಳಿಗೊಂದು ಆಸೆ ಹುಟ್ಟಿತು. ಈಗಲಾದರೂ. ಇನ್ನು ಎರಡು ಮೂರು ವರ್ಷವಾದರೂ. ಯಾರ ಹತ್ತಿರವೂ ಕೇಳದೆ ಮೊಮ್ಮಗಳ ಕೋಣೆಗೆ ಹೋಗಿ ಹೇಳಿದಳು. ನೆಲಮಾಳಿಗೆಯಲ್ಲಿ ಒಬ್ಬಳಿದ್ದಾಳೆ, ಅವಳಷ್ಟು ಬಟ್ಟೆ ಬಲ್ಲವರು ಈ ಕಟ್ಟಡದಲ್ಲಿಲ್ಲ, ಅವಳ ಕೈ ಹೀಗೆ ಹೀಗೆ, ಅದಕ್ಕೇ ಅವಳನ್ನು ಕೆಳಗೆ ಹಾಕಿದರು.

ಮೊಮ್ಮಗಳ ಕಣ್ಣು ಅರಳಿತು. ಆದರೆ ಅದು ಅರಳಿದ ಜಾಗ ಬೇರೆ. ಅಂದೇ ಮಧ್ಯಾಹ್ನ ಫೋಟೋ ತೆಗೆಯುವವನನ್ನು ಕರೆದುಕೊಂಡು ನೆಲಮಾಳಿಗೆಗೆ ಇಳಿದಳು.

"ಆಂಟಿ, ತೋಳು ಮಡಿಸಿ, ಪ್ಲೀಸ್. ಒಂದೇ ಸಲ ನೋಡ್ತೀನಿ. ಯಂತ್ರ ಇಲ್ಲದೆ ಕೈಯಿಂದಲೇ ಹಾಕಿದ ಹಳೇ ಹಚ್ಚೆ, ಈಗ ಹುಡುಕಿದ್ರೂ ಸಿಗಲ್ಲ. ಈ ಚಿತ್ರಗಳನ್ನೇ ಬಟ್ಟೆ ಮೇಲೆ ಅಚ್ಚು ಹಾಕಿಸೋಣ. ಪರದೆ, ದಿಂಬು, ಎಲ್ಲಾ. ಬಾಗಿಲಲ್ಲಿ ನಿಮ್ಮ ಕೈಯದ್ದು ದೊಡ್ಡ ಫೋಟೋ ಹಾಕೋಣ."

"ಕೌಂಟರಿಗೆ ಹಾಕ್ತೀರಾ?" ಎಂದು ಟೈಲರಮ್ಮ ಮಧ್ಯೆ ಬಾಯಿ ಹಾಕಿದಳು.

"ಕೌಂಟರು ಹುಡುಗರಿಗೆ, ಅಜ್ಜಿ. ಇಡೀ ದಿನ ನಿಲ್ಲೋಕೆ ಇವರಿಗೆ ಆಗುತ್ತಾ? ಕೈ ಫೋಟೋ ಒಂದಿದ್ರೆ ಸಾಕು."

ಉದ್ದತೋಳು ಅಂಟಿನ ಕುಂಚವನ್ನು ಡಬ್ಬಿಯ ಬಾಯಿಗೆ ಒರೆಸಿ ಇಟ್ಟಳು. ಎಡ ಪಟ್ಟಿಯ ಎರಡನೆಯ ಗುಂಡಿ ಬಿಚ್ಚಿಕೊಂಡಿತ್ತು, ಅದನ್ನು ಹಾಕಿದಳು.

"ಇಲ್ಲಮ್ಮ. ನಮ್ಮಮ್ಮ ಸತ್ತ ದಿನವೇ ಆ ಅಂಗಡಿ ಮುಚ್ಚಿತು," ಎಂದಳು.

ಅವರು ಹೋದ ಮೇಲೆ ಕತ್ತರಿ ಎತ್ತಿಕೊಂಡು ಎರಡು ತುಂಡು ಕತ್ತರಿಸಿದಳು. ಆಮೇಲೆ ಕೇಳಿದಳು, "ಅವರಿಗೆ ಹೇಳಿದ್ದು ಯಾರು?"

ಟೈಲರಮ್ಮ ಡಬ್ಬಿಯ ಮುಚ್ಚಳ ಹಾಕುತ್ತಿದ್ದಳು. ಅದು ಸರಿಯಾಗಿ ಕೂರುತ್ತಿರಲಿಲ್ಲ. ಕೂರಿಸುತ್ತಲೇ ಇದ್ದಳು. ಉದ್ದತೋಳು ಎರಡನೆಯ ಸಲ ಕೇಳಲಿಲ್ಲ.

ಎರಡು ವರ್ಷ ಕಳೆದು ಒಂದು ಬೆಳಿಗ್ಗೆ ಉದ್ದತೋಳು ಹಲ್ಲುಜ್ಜುತ್ತ ನಿಂತಲ್ಲೇ ಕುಸಿದಳು. ಎಡಭಾಗ ಪೂರ್ತಿ ಹೋಯಿತು. ಟೈಲರಮ್ಮ ಆಸ್ಪತ್ರೆಗೆ ಹೋದದ್ದು ಮೂರನೆಯ ದಿನ, ಗುರುವಾರ ಮಧ್ಯಾಹ್ನ. ಎಂಟು ಹಾಸಿಗೆಯ ಕೋಣೆ, ಕಿಟಕಿಯ ಪಕ್ಕದ್ದು ಅವಳದ್ದು. ಮೈಮೇಲೆ ಆಸ್ಪತ್ರೆಯ ತೆಳು ಅಂಗಿ, ಅದಕ್ಕೆ ತೋಳೇ ಇಲ್ಲ. ಭುಜದ ಹತ್ತಿರ ಎರಡು ದಾರ, ಅಷ್ಟೇ. ಎಡಗೈಯನ್ನು ದಿಂಬಿನ ಮೇಲೆ ಎತ್ತಿ ಇಟ್ಟಿದ್ದರು, ಊತ ಬರಬಾರದೆಂದು. ಕಿಟಕಿಯ ಬಿಸಿಲು ನೇರ ಅದರ ಮೇಲೆ. ಇಪ್ಪತ್ತೊಂಬತ್ತು ವರ್ಷದ ಮೇಲೆ ಟೈಲರಮ್ಮ ಆ ಮೀನು, ಚೇಳು, ಬಾಚಣಿಗೆ ಎಲ್ಲವನ್ನೂ ಮತ್ತೆ ನೋಡಿದಳು. ಚರ್ಮ ಸುಕ್ಕಾಗಿ ದೋಣಿ ಒಂದು ಕಡೆಗೆ ವಾಲಿತ್ತು.

ನೋಡಲು ಬರುವವರಿಗೆ ಕಡಿಮೆಯಿರಲಿಲ್ಲ. ಪಕ್ಕದ ಹಾಸಿಗೆಯವರ ಮೊಮ್ಮಕ್ಕಳು ಬಂದರು, ರಕ್ತ ತೆಗೆಯುವವನು ಬಂದ, ಊಟದ ಗಾಡಿಯವಳು ಬಂದಳು. ಯಾರೂ ಈಗ ಮೂಗು ಮುರಿಯಲಿಲ್ಲ. ಎಲ್ಲರಿಗೂ ಪ್ರೀತಿ. ಬೆರಳಿಟ್ಟು, "ಈ ಹೂವು ನೋಡು, ಎಷ್ಟು ಚೆನ್ನಾಗಿದೆ," "ನಂಗೆ ಈ ಕಣ್ಣು ಇಷ್ಟ" ಎಂದು ಆರಿಸುತ್ತಿದ್ದರು. ನರ್ಸಿನ ಕಿವಿಯ ಹಿಂದೆ ಒಂದು ನಕ್ಷತ್ರವಿತ್ತು. "ನಮ್ಮ ವಾರ್ಡಿಗೆಲ್ಲ ಇವರೇ ಚಂದ," ಎಂದಳು ಅವಳು, ಒಳ್ಳೆಯ ಮನಸ್ಸಿನಿಂದಲೇ.

ತಮ್ಮನ ಮಗಳು ಹಾಸಿಗೆಯ ಬದಿಯಲ್ಲಿ ಕೂತಿದ್ದಳು. ಅತ್ತೆಯನ್ನು ಹಗಲೆಲ್ಲ ನೋಡಿಕೊಳ್ಳುತ್ತಿದ್ದವಳು ಅವಳೇ. ಅವಳ ಮಣಿಕಟ್ಟಿಗೆ ಪ್ಲಾಸ್ಟಿಕ್ ಸುತ್ತಿತ್ತು, ಸುತ್ತ ಕೆಂಪಾಗಿತ್ತು. ಅತ್ತೆ ಮಲಗಿದ್ದಾಗ ಅವಳ ಕೈಯ ಫೋಟೋ ತೆಗೆದು, ಒಯ್ದು, ಆ ಒಂದೇ ರೆಕ್ಕೆಯ ಹಕ್ಕಿಯನ್ನು ಇದ್ದ ಹಾಗೇ ಹಾಕಿಸಿಕೊಂಡು ಬಂದಿದ್ದಳು.

"ಅತ್ತೆ ಯಾವಾಗಲೂ ನನ್ನ ಜೊತೆ ಇರಲಿ ಅಂತ," ಎಂದು ಟೈಲರಮ್ಮನಿಗೆ ತೋರಿಸಿದಳು. ಕಣ್ಣಲ್ಲಿ ನೀರಿತ್ತು.

ಉದ್ದತೋಳು ಅದನ್ನು ನೋಡಿದಳು. ಬಾಯಿ ಒಂದು ಕಡೆ ಸೊಟ್ಟಗಿತ್ತು, ಮಾತು ಮುದ್ದೆಯಾಗಿ ಬರುತ್ತಿತ್ತು. "ಹೆಚ್ಚು ದುಡ್ಡು ಕೊಟ್ಟಿದ್ರೆ ಇನ್ನೊಂದು ರೆಕ್ಕೆ ಹಾಕ್ತಿದ್ರೇನೋ," ಎಂದಳು. ಹುಡುಗಿ ನಕ್ಕಳು, ಅತ್ತಳು, ನೀರು ತರಲು ಹೊರಗೆ ಹೋದಳು.

ಇಬ್ಬರೇ ಉಳಿದಾಗ ಉದ್ದತೋಳು ಬಲಗೈಯಿಂದ ಹೊದಿಕೆ ಹಿಡಿದು ಎಡಗೈ ಮೇಲೆ ಎಳೆಯಲು ನೋಡಿದಳು. ಹೊದಿಕೆ ದಿಂಬಿನವರೆಗೆ ಬಂದು ಜಾರಿತು. ಮತ್ತೆ ಎಳೆದಳು, ಮತ್ತೆ ಜಾರಿತು. ಮೂರು ದಿನದಿಂದ ಇದೇ ಮಾಡುತ್ತಿದ್ದಾಳೆ ಎಂದು ಟೈಲರಮ್ಮನಿಗೆ ನೋಡಿದ ಕೂಡಲೇ ತಿಳಿಯಿತು. ಎದ್ದು ಹೊದಿಸಿದಳು. ಬಾಗಿಲಿಂದ ನರ್ಸು ಬಂದು ತೆಗೆದಳು.

"ಆ ಕೈ ಮುಚ್ಚಬಾರದು ಅಜ್ಜಿ. ಬಣ್ಣ ತಿರುಗುತ್ತಾ, ಊದುತ್ತಾ ಅಂತ ಗಂಟೆಗೊಂದು ಸಲ ನೋಡ್ಬೇಕು."

"ಒಂದು ತೋಳು ಹೊಲಿದು ತರ್ತೀನಮ್ಮ. ಪಕ್ಕದಲ್ಲಿ ಉದ್ದಕ್ಕೂ ಬಿಚ್ಚಿರುತ್ತೆ, ದಾರ ಕಟ್ಟೋ ಹಾಗೆ. ನೀವು ಬಂದಾಗ ಬಿಚ್ಚಿ ನೋಡಿ, ಹೋಗುವಾಗ ಕಟ್ಟಿ."

"ದೊಡ್ಡ ಡಾಕ್ಟರನ್ನ ಕೇಳ್ಬೇಕು. ಅವರು ಸೋಮವಾರ ಬರ್ತಾರೆ." ನರ್ಸು ತಲೆದಿಂಬು ಸರಿಮಾಡಿದಳು. "ಯಾಕಜ್ಜಿ ಮುಚ್ಚೋದು? ಇಷ್ಟು ಚೆನ್ನಾಗಿರೋದನ್ನ."

ಮೂವತ್ತು ವರ್ಷದ ಹಿಂದೆ ಆ ಪ್ರಶ್ನೆ ಯಾರಾದರೂ ಕೇಳಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಆ ತೋಳು ಮುಗಿಯಲಿಲ್ಲ. ಶುಕ್ರವಾರ ಸಂಜೆ ಬೂದು ಬಟ್ಟೆ ಕತ್ತರಿಸಿದಳು, ಶನಿವಾರ ಬೆಳಿಗ್ಗೆಯೆಲ್ಲ ಸೂಜಿಗೆ ದಾರ ಪೋಣಿಸುವುದರಲ್ಲೇ ಕಳೆದಳು. ಪೊರೆ ತೆಗೆಸಿದ ಕಣ್ಣು, ನಡುಗುವ ಬೆರಳು, ಪೋಣಿಸಿಕೊಡು ಎಂದು ಸೊಸೆಯನ್ನು ಕೇಳಲು ಬಿಡದ ಹಟ. ಭಾನುವಾರ ಮಧ್ಯಾಹ್ನ ತಮ್ಮನ ಮಗಳು ಫೋನು ಮಾಡಿದಳು. ಸೋಮವಾರ ಡಾಕ್ಟರು ಬರುವ ಹೊತ್ತಿಗೆ ಆ ಹಾಸಿಗೆಗೆ ಬೇರೆಯವರು ಬಂದಿದ್ದರು. ಒಂದು ಬದಿ ಮಾತ್ರ ಹೊಲಿದ ಆ ತೋಳು ಇನ್ನೂ ಟೈಲರಮ್ಮನ ಪೆಟ್ಟಿಗೆಯಲ್ಲಿದೆ.

ಆದರೆ ಅದೆಲ್ಲ ಆಮೇಲಿನ ಮಾತು. ಆ ಗುರುವಾರ, ನರ್ಸು ಬೇರೆ ಹಾಸಿಗೆಗೆ ಹೋದ ಮೇಲೆ, ಟೈಲರಮ್ಮ ಚೀಲದಿಂದ ಟೇಪು ತೆಗೆದಳು. ಡಾಕ್ಟರು ಏನಾದರೂ ಹೇಳಲಿ, ಅಳತೆಯಂತೂ ತೆಗೆದುಕೊಳ್ಳುವುದು. ದಿಂಬಿನ ಮೇಲೆ ಬಿದ್ದುಕೊಂಡಿದ್ದ ಕೈಯನ್ನು ಮೆಲ್ಲಗೆ ಎತ್ತಿ, ಮೈ ಪಕ್ಕಕ್ಕೆ ನೇರ ಇಳಿಸಿ ಇಟ್ಟಳು. ಭುಜದ ಮೂಳೆಯ ಮೇಲೆ ಟೇಪಿನ ತುದಿಯಿಟ್ಟು ಹೆಬ್ಬೆರಳಿಂದ ಒತ್ತಿ ಹಿಡಿದಳು, ಮಣಿಕಟ್ಟಿನ ಕಡೆಗೆ ಎಳೆದಳು. ಚೇಳಿನ ಮೇಲೆ ಅವಳ ಬೆರಳು ನಿಂತಿತು.

ಉದ್ದತೋಳಿನ ಬಲಗೈ ಈ ಕಡೆ ಬಂದು ಟೇಪನ್ನು ಹಿಡಿಯಿತು. ಅವಳು ಟೈಲರಮ್ಮನ ಮುಖವನ್ನೇ ನೋಡುತ್ತಿದ್ದಳು, ಆ ಮಧ್ಯಾಹ್ನ ಬಾಗಿಲಲ್ಲಿ ನಿಂತು, ಪಟ್ಟಿಯ ಎಳೆ ತಿಕ್ಕಿ ನೋಡಿದ ಮೇಲೆ ನೋಡಿದ್ದಳಲ್ಲ, ಹಾಗೆಯೇ. ಅದರಲ್ಲಿ ಸಿಟ್ಟಿರಲಿಲ್ಲ.

"ಹಾಗಲ್ಲ ಅಕ್ಕ," ಎಂದಳು. ಒಂದೊಂದು ಮಾತಿಗೂ ಉಸಿರು ಬೇಕಾಗುತ್ತಿತ್ತು. "ಈ ಸಲ ಕೈ ಎತ್ತಿ ಅಳತೆ ತಗೋ. ನನಗೆ ಎತ್ತೋಕಾಗಲ್ಲ. ನೀನೇ ಎತ್ತಿ ಹಿಡ್ಕೋ."